ಕೊಡಗಿನ ವಿಲ್ಲಿಸ್ ಜೀಪುಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ತಯಾರಾದ ಸೈನಿಕ ಜೀಪುಗಳು, ಯುದ್ಧಾನಂತರದ ನಾಗರಿಕ ಬಳಕೆಯ ಸಿಜೆ ಮಾದರಿಗಳು ಹಾಗೂ ಅದೇ ನಕ್ಷೆಯಂತೆ ಭಾರತದಲ್ಲಿ ಮಹೀಂದ್ರ ಸಂಸ್ಥೆ ನಿರ್ಮಿಸಿದ ಜೀಪುಗಳು ಕೊಡಗು ಜಿಲ್ಲೆಯಲ್ಲಿ ಬಳಕೆಗೆ ಬಂದು ಇಂದಿಗೂ ಉಳಿದುಕೊಂಡಿವೆ. ಇವನ್ನು ಒಟ್ಟಾಗಿ ಕೊಡಗಿನ ವಿಲ್ಲಿಸ್ ಜೀಪುಗಳು ಎನ್ನಬಹುದು. ವಿರಾಜಪೇಟೆ, ಗೋಣಿಕೊಪ್ಪ, ಸಿದ್ದಾಪುರ, ಅಮ್ಮತ್ತಿ, ಪೊನ್ನಂಪೇಟೆ ಸುತ್ತಲಿನ ಕಾಫಿ ತೋಟಗಳಲ್ಲಿ ಇವು ಪ್ರದರ್ಶನದ ವಸ್ತುಗಳಾಗದೆ ದುಡಿಯುವ ವಾಹನಗಳಾಗಿಯೇ ಬಾಳಿದವು. ಈ ಕಾರಣದಿಂದ ಇವುಗಳ ಸಂರಕ್ಷಣೆಯ ಪ್ರಶ್ನೆ ಅರಮನೆ ಮತ್ತು ವಸ್ತುಸಂಗ್ರಹಾಲಯಗಳ ಅಮೆರಿಕನ್ ಕಾರುಗಳ ಪ್ರಶ್ನೆಗಿಂತ ಬೇರೆಯಾಗಿದೆ. ಇಲ್ಲಿ ವಾಹನವನ್ನು ಬದುಕಿಸಿದ ದುರಸ್ತಿಗಳೇ ಬಹುಪಾಲು ಅದರ ಮೂಲರೂಪವನ್ನು ಅಳಿಸಿವೆ.

ಮೂಲ

1940ರ ಬೇಸಿಗೆಯಲ್ಲಿ ಅಮೆರಿಕದ ಸೇನೆ ಹಗುರವಾದ, ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಗಸ್ತು ವಾಹನವೊಂದಕ್ಕಾಗಿ 135 ಕಂಪನಿಗಳಿಗೆ ಆಹ್ವಾನ ನೀಡಿತು. ಮೊದಲ ಮಾದರಿಯನ್ನು 49 ದಿನಗಳೊಳಗೆ ಒಪ್ಪಿಸಬೇಕೆಂಬ ಷರತ್ತಿತ್ತು. ಪೆನ್ಸಿಲ್ವೇನಿಯ ರಾಜ್ಯದ ಬಟ್ಲರ್ ಪಟ್ಟಣದ ಸಣ್ಣ ಸಂಸ್ಥೆಯಾದ ಅಮೆರಿಕನ್ ಬ್ಯಾಂಟಮ್ ಮಾತ್ರ ಈ ಗಡುವಿಗೆ ಒದಗಿತು. ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್ ಎರಡೇ ದಿನಗಳಲ್ಲಿ ನಕ್ಷೆಯನ್ನು ಬಹುಮಟ್ಟಿಗೆ ಮುಗಿಸಿದನು. 1940ರ ಸೆಪ್ಟೆಂಬರ್ 23ರಂದು ಮೊದಲ ವಾಹನ ಸೇನೆಯ ಕೈಸೇರಿತು. ಆದರೆ ಬ್ಯಾಂಟಮ್ ಸಂಸ್ಥೆಗೆ ದೊಡ್ಡ ಪ್ರಮಾಣದ ಉತ್ಪಾದನಾ ಸಾಮರ್ಥ್ಯವಿರಲಿಲ್ಲ. ಓಹಾಯೋದ ಟೊಲಿಡೊ ನಗರದ ವಿಲ್ಲಿಸ್-ಓವರ್‌ಲ್ಯಾಂಡ್ ಸಂಸ್ಥೆ ಒಂದಕ್ಕೆ 738.74 ಡಾಲರ್ ಬೆಲೆ ನಮೂದಿಸಿ ಮುಖ್ಯ ಗುತ್ತಿಗೆಯನ್ನು ಪಡೆಯಿತು. ಅದೇ ನಕ್ಷೆಯಂತೆ ತಯಾರಿಸಲು ಫೋರ್ಡ್ ಕಂಪನಿಯನ್ನೂ ಸೇರಿಸಿಕೊಳ್ಳಲಾಯಿತು. 1945ರ ವೇಳೆಗೆ ಇವೆರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದ್ದವು.

ಸೇನೆಯು ವಿಲ್ಲಿಸ್ ವಾಹನವನ್ನೇ ಮೆಚ್ಚಿದ್ದಕ್ಕೆ ಅದರ ಎಂಜಿನ್ ಮುಖ್ಯ ಕಾರಣ. ‘ಗೋ ಡೆವಿಲ್’ ಎಂದು ಹೆಸರಾದ ಈ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ 2199 ಸಿಸಿ ಗಾತ್ರದ್ದು, 60 ಅಶ್ವಶಕ್ತಿಯದು. ವಿಲ್ಲಿಸ್ ಸಂಸ್ಥೆಯ ಮುಖ್ಯ ಎಂಜಿನಿಯರ್ ಡೆಲ್ಮಾರ್ ‘ಬಾರ್ನಿ’ ರೂಸ್ ಹಳೆಯ ಕಾರಿನ 48 ಅಶ್ವಶಕ್ತಿಯ ಎಂಜಿನನ್ನು ತಿದ್ದಿ ಇದನ್ನು ರೂಪಿಸಿದನು. ಇದರ ಸಂಪೀಡನ ಪ್ರಮಾಣ 6.48:1 ಮಾತ್ರ. ಕೀಳುದರ್ಜೆಯ ಪೆಟ್ರೋಲಿನಲ್ಲಿಯೂ ಓಡಬಲ್ಲ ಈ ಗುಣ ಯುದ್ಧಭೂಮಿಗೆಂದು ಯೋಚಿಸಿದ್ದು. ಪೇಟೆಯಿಂದ ದೂರವಿರುವ ತೋಟಗಳಿಗೂ ಅದು ಸರಿಹೊಂದಿತು.

‘ಜೀಪ್’ ಎಂಬ ಹೆಸರಿನ ವ್ಯುತ್ಪತ್ತಿ ವಿವಾದಾಸ್ಪದ. ‘ಜನರಲ್ ಪರ್ಪಸ್’ ಎಂಬುದರ ಮೊದಲಕ್ಷರಗಳಿಂದ ಬಂದಿತೆಂಬ ವಿವರಣೆ ಜನಪ್ರಿಯವಾದರೂ ಫೋರ್ಡಿನ ಸಂಕೇತಾಕ್ಷರಗಳು ಅದನ್ನು ಸಮರ್ಥಿಸುವುದಿಲ್ಲ. ಅಲ್ಲಿ ‘ಜಿ’ ಎಂದರೆ ಸರ್ಕಾರಿ ಗುತ್ತಿಗೆ, ‘ಪಿ’ ಎಂದರೆ 80 ಅಂಗುಲದ ಚಕ್ರಾಂತರ, ‘ಡಬ್ಲ್ಯು’ ಎಂದರೆ ವಿಲ್ಲಿಸ್ ನಕ್ಷೆ. ಕನ್ನಡದಲ್ಲಿ ‘ಜೀಪು’ ಕಂಪನಿಯ ಹೆಸರಾಗಿ ಉಳಿಯದೆ ಆ ಆಕಾರದ ಯಾವುದೇ ವಾಹನಕ್ಕೆ ಸಲ್ಲುವ ನಾಮಪದವಾಗಿದೆ.

ಭಾರತಕ್ಕೆ ಬಂದ ಬಗೆ

ಜೀಪುಗಳು ಭಾರತಕ್ಕೆ ಮೊದಲು ಬಂದದ್ದು ಸೇನೆಯ ಮೂಲಕ. ಬರ್ಮಾ ರಣರಂಗಕ್ಕೆ ಭಾರತವೇ ಹಿನ್ನೆಲೆಯ ನೆಲೆಯಾಗಿತ್ತು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಿಂದ ಯುದ್ಧ ಮುಗಿಯುವವರೆಗೆ ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಗಿ ಕೆಲಸ ಮಾಡಿತು. ಯುದ್ಧಾನಂತರ ಹೆಚ್ಚುವರಿ ಸೈನಿಕ ಸಾಮಗ್ರಿಯನ್ನು ವಿಲೇವಾರಿ ಇಲಾಖೆಯ ಮೂಲಕ ಮಾರಲಾಯಿತು. ಹೀಗೆ ಕೊಂಡ ವಾಹನಕ್ಕೆ ‘ಡಿಸ್ಪೋಸಲ್ ಗಾಡಿ’ ಎಂಬ ಹೆಸರು ನಿಂತಿತು. ಮುಂದೆ ಭಾರತೀಯ ಸೇನೆ ಕಾಲಕಾಲಕ್ಕೆ ಹರಾಜು ಹಾಕಿದ ಜೀಪುಗಳಿಗೂ ಇದೇ ಹೆಸರು ಅನ್ವಯಿಸಿತು.

ಎರಡನೆಯ ದಾರಿ ಮಹೀಂದ್ರ ಸಂಸ್ಥೆಯದು. 1945ರಲ್ಲಿ ಜೆ. ಸಿ. ಮಹೀಂದ್ರ, ಕೆ. ಸಿ. ಮಹೀಂದ್ರ ಸಹೋದರರು ಮತ್ತು ಮಲಿಕ್ ಗುಲಾಂ ಮುಹಮ್ಮದ್ ಸೇರಿ ಸ್ಥಾಪಿಸಿದ ಮಹೀಂದ್ರ ಅಂಡ್ ಮುಹಮ್ಮದ್ ಸಂಸ್ಥೆ, ದೇಶವಿಭಜನೆಯ ನಂತರ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. 1947ರಲ್ಲಿ ಬಿಡಿಭಾಗಗಳ ರೂಪದಲ್ಲಿ 75 ವಿಲ್ಲಿಸ್ ಜೀಪುಗಳ ಮೊದಲ ಕಂತು ಬಂದಿತು. 1949ರಲ್ಲಿ ಮುಂಬಯಿಯ ಮಜಗಾಂವ್‌ನಲ್ಲಿ ಜೋಡಣೆ ಆರಂಭವಾಯಿತು. 1954ರಲ್ಲಿ ತಯಾರಿಕೆಗಾಗಿ ವಿಲ್ಲಿಸ್ ಸಂಸ್ಥೆಯೊಡನೆ ಒಪ್ಪಂದವಾಯಿತು.

ಈ ಒಪ್ಪಂದದ ಕಾಲವನ್ನು ಗಮನಿಸಬೇಕು. ಜನರಲ್ ಮೋಟರ್ಸ್ 1928ರಿಂದ ಮುಂಬಯಿಯ ಶಿವಡಿಯಲ್ಲಿ ಷೆವರ್ಲೆ ಮುಂತಾದ ಕಾರುಗಳನ್ನು ಜೋಡಿಸುತ್ತಿತ್ತು. ಫೋರ್ಡ್ ಕೂಡ ಭಾರತದಲ್ಲಿ ಜೋಡಣಾ ಘಟಕಗಳನ್ನು ಹೊಂದಿತ್ತು. 1950ರ ದಶಕದ ಆರಂಭದಲ್ಲಿ ಕೇಂದ್ರ ಸರ್ಕಾರವು ದೇಶದೊಳಗೆ ತಯಾರಿಕೆಯ ಯೋಜನೆಯಿಲ್ಲದೆ ಬರೇ ಜೋಡಣೆ ಮಾಡುವ ಕಂಪನಿಗಳಿಗೆ ಅವಕಾಶವಿಲ್ಲವೆಂದು ನಿರ್ಧರಿಸಿದ ಮೇಲೆ ಇವೆರಡೂ ಹಿಂದೆ ಸರಿದವು. ದೊಡ್ಡ ಅಮೆರಿಕನ್ ಕಾರುಗಳಿಗೆ ಬಿಡಿಭಾಗ ಬರುವ ದಾರಿ ಕ್ರಮೇಣ ಮುಚ್ಚಿತು. ಜೀಪು ಮಾತ್ರ ಇಲ್ಲಿಯೇ ತಯಾರಾಗುತ್ತ ಹೋಯಿತು. 1950ರ ಷೆವರ್ಲೆ ಕಾರೊಂದು ಭಾಗ ಸಿಗದೆ ಶೆಡ್ಡಿನಲ್ಲಿ ನಿಂತುಹೋದ ಊರಿನಲ್ಲಿಯೇ ಅದೇ ಕಾಲದ ಜೀಪು ಓಡುತ್ತಿರುವುದರ ಗುಟ್ಟು ಇದು. ಗಟ್ಟಿತನಕ್ಕೆ ಸಲ್ಲುವ ಹೊಗಳಿಕೆಯ ಅರ್ಧದಷ್ಟಾದರೂ ಬಿಡಿಭಾಗಗಳ ಸರಬರಾಜಿಗೆ ಸಲ್ಲಬೇಕು.

ಅಮೆರಿಕದಲ್ಲಿ 1953ರಲ್ಲಿ ವಿಲ್ಲಿಸ್ ಸಂಸ್ಥೆಯನ್ನು ಕೈಸರ್ ಕೊಂಡಿತು. ಅದೇ ವರ್ಷ ಬಂದ ಸಿಜೆ-3ಬಿ ಮಾದರಿ ಅಲ್ಲಿ 1968ರವರೆಗೆ 1.55 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ಮಹೀಂದ್ರ ಸಂಸ್ಥೆ ಮುಖ್ಯವಾಗಿ ಅನುಸರಿಸಿದ್ದು ಈ ಮಾದರಿಯನ್ನೇ. ಅಮೆರಿಕದಲ್ಲಿ ಅದು ನಿಂತ ಮೇಲೂ ಭಾರತದಲ್ಲಿ ಅದರ ಸಂತತಿ ದಶಕಗಳ ಕಾಲ ಮುಂದುವರಿಯಿತು.

ಕೊಡಗಿನಲ್ಲಿ ಬಳಕೆ

ಕೊಡಗು ಭಾರತದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆ. ದೇಶದ ಒಟ್ಟು ಕಾಫಿಯ ಸುಮಾರು ಮೂರನೆಯ ಒಂದು ಭಾಗ ಇಲ್ಲಿಂದ ಬರುತ್ತದೆ. ವಿರಾಜಪೇಟೆಯ ಸುತ್ತ ರೊಬಸ್ಟಾ ಕಾಫಿ ಹೆಚ್ಚು. ತೋಟದೊಳಗಿನ ದಾರಿಗಳು ಕಡಿದಾದ ಇಳಿಜಾರುಗಳಲ್ಲಿ, ಮರಗಳ ನೆರಳಿನಲ್ಲಿ ಸಾಗುವ ಮಣ್ಣಿನ ದಾರಿಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಅವು ಎರಡು ಚಕ್ರಗಳಿಗಷ್ಟೇ ಶಕ್ತಿಯಿರುವ ವಾಹನವನ್ನು ಮೇಲೇರಲು ಬಿಡುವುದಿಲ್ಲ. ಗೊಬ್ಬರದ ಮೂಟೆ, ಬೇಸಿಗೆಯಲ್ಲಿ ಹೂಮಳೆ ಕೈಕೊಟ್ಟಾಗ ಕೆರೆಯ ಬಳಿಗೆ ಒಯ್ಯುವ ಪಂಪ್‌ಸೆಟ್ಟು ಮತ್ತು ಪೈಪುಗಳು, ಕೊಯ್ಲಿನ ಕಾಲದಲ್ಲಿ ಕಣಕ್ಕೆ ಬರುವ ಹಣ್ಣಿನ ಚೀಲಗಳು, ಲೈನ್‌ಮನೆಯಿಂದ ಆಸ್ಪತ್ರೆಗೆ ಸಾಗಬೇಕಾದ ರೋಗಿ, ಎಲ್ಲಕ್ಕೂ ಒಂದೇ ವಾಹನ. ಜೀಪು ಗಾತ್ರದಲ್ಲಿ ಚಿಕ್ಕದು. 80 ಅಂಗುಲದ ಚಕ್ರಾಂತರದಿಂದಾಗಿ ತೋಟದ ಇಕ್ಕಟ್ಟಾದ ತಿರುವುಗಳಲ್ಲಿ ಸುಲಭವಾಗಿ ಹೊರಳುತ್ತದೆ. ವಿಲ್ಲಿಸ್ ಸಂಸ್ಥೆಯೂ ಯುದ್ಧಾನಂತರ ಸಿಜೆ ಮಾದರಿಯನ್ನು ರೈತರ ವಾಹನವೆಂದೇ ಪ್ರಚಾರ ಮಾಡಿತ್ತು.

ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟದ ಮೂಲಕ ಕೇರಳದ ಕಣ್ಣೂರು ಜಿಲ್ಲೆಗೆ ಇಳಿಯುವ ಘಟ್ಟದ ರಸ್ತೆಯೂ, ಕುಟ್ಟ ಮತ್ತು ಶ್ರೀಮಂಗಲ ಕಡೆಯ ದಾರಿಗಳೂ ಜೀಪುಗಳಿಗೆ ಪರಿಚಿತ. ಸೈನ್ಯದೊಡನೆ ಕೊಡಗಿಗಿರುವ ನಂಟೂ ಇಲ್ಲಿ ಪ್ರಸ್ತುತ. ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಕೆ. ಎಂ. ಕಾರ್ಯಪ್ಪ ಮತ್ತು 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಕೆ. ಎಸ್. ತಿಮ್ಮಯ್ಯ ಇಬ್ಬರೂ ಈ ಜಿಲ್ಲೆಯವರು. ಸೇನೆಯಲ್ಲಿ ಜೀಪು ಓಡಿಸಿ, ಬಿಚ್ಚಿ ಜೋಡಿಸಿ ಪಳಗಿದವರು ನಿವೃತ್ತರಾಗಿ ತೋಟಕ್ಕೆ ಮರಳಿದಾಗ ಅವರಿಗೆ ಈ ವಾಹನ ಹೊಸದಾಗಿರಲಿಲ್ಲ.

ಈಚಿನ ದಶಕಗಳಲ್ಲಿ ಪ್ರವಾಸೋದ್ಯಮ ಇನ್ನೊಂದು ಬಳಕೆಯನ್ನು ತಂದಿದೆ. ಮಡಿಕೇರಿ ಸಮೀಪದ ಮಾಂದಲಪಟ್ಟಿಗೆ ಬಾಡಿಗೆ ಜೀಪುಗಳು ಪ್ರವಾಸಿಗರನ್ನು ಕರೆದೊಯ್ಯುತ್ತವೆ. ಮಳೆಗಾಲದಲ್ಲಿ ಕೆಸರಿನ ಹಾದಿಯ ಸ್ಪರ್ಧೆಗಳೂ ಜಿಲ್ಲೆಯಲ್ಲಿ ನಡೆಯುತ್ತವೆ. ಸ್ಪರ್ಧೆಗೆಂದು ಹಳೆಯ ಚಾಸಿಯನ್ನು ಕತ್ತರಿಸಿ, ದೊಡ್ಡ ಟೈರು ಏರಿಸಿ ರೂಪಾಂತರಿಸಿದ ಜೀಪನ್ನು ಹಿಂದಿನ ಸ್ಥಿತಿಗೆ ತರುವುದು ತುಕ್ಕು ಹಿಡಿದ ಜೀಪನ್ನು ಸರಿಪಡಿಸುವುದಕ್ಕಿಂತ ಕಷ್ಟ.

ಗುರುತಿಸುವ ಬಗೆ

ವಿಲ್ಲಿಸ್ ಎಂದು ಕರೆಯಲಾಗುವ ಎಲ್ಲವೂ ಅಮೆರಿಕದಲ್ಲಿ ತಯಾರಾದವಲ್ಲ. ಯುದ್ಧಕಾಲದ ಜೀಪಿನ ಮುಂಭಾಗದ ಒತ್ತುತಗಡಿನ ಜಾಲರಿಯಲ್ಲಿ ಒಂಬತ್ತು ಸೀಳುಗಳಿದ್ದರೆ, ನಾಗರಿಕ ಸಿಜೆ ಮಾದರಿಗಳಲ್ಲಿ ಏಳು. ಯುದ್ಧಕಾಲದ್ದರಲ್ಲಿ ಸ್ಟೀರಿಂಗ್ ಎಡಗಡೆ ಇರುತ್ತದೆ, ಹಿಂದೆ ತೆರೆಯುವ ಬಾಗಿಲಿಲ್ಲ, ಪೆಟ್ರೋಲ್ ಟ್ಯಾಂಕಿನ ಬಾಯಿ ಚಾಲಕನ ಆಸನದ ಅಡಿಯಲ್ಲಿರುತ್ತದೆ. ಅದರ ಹೆಡ್‌ಲೈಟುಗಳನ್ನು ಹಿಂದಕ್ಕೆ ಮಗುಚಿ ಎಂಜಿನ್ ಮೇಲೆ ಬೆಳಕು ಬೀಳಿಸಬಹುದು. ರಾತ್ರಿ ದುರಸ್ತಿಗೆ ಮಾಡಿದ ಏರ್ಪಾಡು ಇದು. ಸಿಜೆ ಮಾದರಿಯಲ್ಲಿ ಹಿಂಬಾಗಿಲಿದೆ, ಟ್ಯಾಂಕಿನ ಬಾಯಿ ಹೊರಮೈಯಲ್ಲಿದೆ, ಹೆಡ್‌ಲೈಟುಗಳು ದೊಡ್ಡವು.

ವಿಲ್ಲಿಸ್ ಮತ್ತು ಫೋರ್ಡ್ ತಯಾರಿಕೆಗಳ ನಡುವಿನ ವ್ಯತ್ಯಾಸ ಚಾಸಿಯಲ್ಲಿ ಸಿಗುತ್ತದೆ. ರೇಡಿಯೇಟರಿನ ಕೆಳಗಿನ ಅಡ್ಡಪಟ್ಟಿ ಕೊಳವೆಯಂತೆ ದುಂಡಗಿದ್ದರೆ ವಿಲ್ಲಿಸ್, ಬೋರಲು ಹಾಕಿದ ಕಾಲುವೆಯಂತಿದ್ದರೆ ಫೋರ್ಡ್. ಫೋರ್ಡ್ ತನ್ನ ಬೋಲ್ಟುಗಳ ತಲೆಯ ಮೇಲೆಯೂ ‘ಎಫ್’ ಅಕ್ಷರ ಒತ್ತಿಸುತ್ತಿತ್ತು. ಸೇನಾ ಗ್ಯಾರೇಜುಗಳಲ್ಲಿ ಒಂದರ ಭಾಗ ಇನ್ನೊಂದಕ್ಕೆ ಜೋಡಣೆಯಾಗುವುದು ಸಾಮಾನ್ಯವಾಗಿತ್ತು. ಹಾಗಾಗಿ ಒಂದು ಗುರುತನ್ನಷ್ಟೇ ನಂಬಿ ತೀರ್ಮಾನಿಸುವುದು ಸರಿಯಲ್ಲ.

ಸಿಜೆ-3ಬಿ ಮತ್ತು ಅದರ ಮಹೀಂದ್ರ ರೂಪವನ್ನು ಎತ್ತರದ ಬಾನೆಟ್ಟಿನಿಂದ ದೂರದಿಂದಲೇ ಗುರುತಿಸಬಹುದು. ಇದರ ‘ಹರಿಕೇನ್’ ಎಂಜಿನ್ ಗಾತ್ರದಲ್ಲಿ ಹಿಂದಿನಷ್ಟೇ ಇದ್ದರೂ ಒಳತೆಗೆತದ ವಾಲ್ವುಗಳನ್ನು ಬ್ಲಾಕಿನಿಂದ ಸಿಲಿಂಡರ್ ಹೆಡ್ಡಿಗೆ ಏರಿಸಲಾಗಿದೆ. ಇದರಿಂದ ಶಕ್ತಿ 70 ಅಶ್ವಶಕ್ತಿಯನ್ನು ದಾಟಿತು, ಎಂಜಿನಿನ ಎತ್ತರವೂ ಹೆಚ್ಚಿತು. ಬಾನೆಟ್ಟನ್ನು ಎತ್ತರಿಸಿದ್ದು ಅಂದಕ್ಕಲ್ಲ, ಎಂಜಿನ್ ಹಿಡಿಸುವುದಕ್ಕೆ.

ಎಂಜಿನ್ ಬದಲಾವಣೆ

ಕೊಡಗಿನ ಜೀಪುಗಳಲ್ಲಿ ಮೂಲ ಪೆಟ್ರೋಲ್ ಎಂಜಿನ್ ಉಳಿದಿರುವವು ಕಡಿಮೆ. ಪೆಟ್ರೋಲ್ ಮತ್ತು ಡೀಸೆಲ್ ಬೆಲೆಗಳ ನಡುವೆ ದೊಡ್ಡ ಅಂತರವಿದ್ದ ವರ್ಷಗಳಲ್ಲಿ ದಿನವಿಡೀ ಕೆಳಗೇರಿನಲ್ಲಿ ಓಡುವ ತೋಟದ ವಾಹನಕ್ಕೆ ಪೆಟ್ರೋಲ್ ದುಬಾರಿಯಾಗಿತ್ತು. ಮಹೀಂದ್ರ ಸಂಸ್ಥೆಯೇ ಟ್ರ್ಯಾಕ್ಟರ್ ಮೂಲದ ಇಂಟರ್‌ನ್ಯಾಷನಲ್ ಡೀಸೆಲ್ ಎಂಜಿನನ್ನು ಸಿಜೆ 500ಡಿ ಮಾದರಿಗೆ ಅಳವಡಿಸಿತು. 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೊ ಸಂಸ್ಥೆಯ 2112 ಸಿಸಿ ಡೀಸೆಲ್ ಎಂಜಿನ್ ಬಂದಿತು. ಎಂಎಂ 540 ಮಾದರಿಯಿಂದ ಅದು ಮನೆಮಾತಾಯಿತು. ಹಳೆಯ ಪೆಟ್ರೋಲ್ ಜೀಪುಗಳಿಗೂ ಈ ಎಂಜಿನ್‌ಗಳನ್ನು ಕೂರಿಸುವುದು ಗ್ಯಾರೇಜುಗಳ ರೂಢಿಯ ಕೆಲಸವಾಯಿತು. ಮೂಲ ಎಂಜಿನ್ ಬಹುಪಾಲು ಗುಜರಿಗೆ ಹೋಯಿತು. ಕೆಲವು ಕಡೆ ನೀರೆತ್ತುವ ಪಂಪಿಗೆ ಜೋಡಣೆಯಾಗಿ ಉಳಿಯಿತು.

ಇದನ್ನು ಅಜ್ಞಾನದಿಂದಾದ ನಾಶವೆಂದು ಬಗೆಯುವುದು ನ್ಯಾಯವಲ್ಲ. ಡೀಸೆಲ್ ಎಂಜಿನ್ ಬಾರದಿದ್ದರೆ ಆ ಜೀಪುಗಳಲ್ಲಿ ಬಹುಪಾಲು ಆಗಲೇ ಗುಜರಿ ಸೇರುತ್ತಿದ್ದವು. ಆದರೆ ಯಾಂತ್ರಿಕ ಪರಿಣಾಮಗಳನ್ನು ಅಲ್ಲಗಳೆಯುವಂತಿಲ್ಲ. ಡೀಸೆಲ್ ಎಂಜಿನ್ ಹೆಚ್ಚು ಭಾರವಾದದ್ದು, ಹೆಚ್ಚು ನಡುಗುವಂಥದ್ದು. ಮುಂಭಾಗದ ಸ್ಪ್ರಿಂಗ್ ಪ್ಲೇಟುಗಳು ಕುಸಿಯುತ್ತವೆ, ಚಾಸಿಯ ಹಳೆಯ ರಿವೆಟ್ಟುಗಳ ಸುತ್ತ ಬಿರುಕು ಕಾಣಿಸಿಕೊಳ್ಳುತ್ತದೆ. 60 ಅಶ್ವಶಕ್ತಿಯ ವಾಹನಕ್ಕೆಂದು ಮಾಡಿದ ಚಿಕ್ಕ ಡ್ರಮ್ ಬ್ರೇಕುಗಳು ಘಟ್ಟದ ಇಳಿಜಾರಿನಲ್ಲಿ ಬೇಗ ಬಿಸಿಯಾಗುತ್ತವೆ. ಎಂಜಿನ್ ಬದಲಿಸಿದವರು ಬ್ರೇಕನ್ನು ಹಾಗೆಯೇ ಬಿಟ್ಟಿದ್ದರೆ ಮೊದಲು ಗಮನಿಸಬೇಕಾದದ್ದು ಅದನ್ನೇ.

ನಿರ್ವಹಣೆ

ಈ ಪ್ರದೇಶದಲ್ಲಿ ಜೀಪಿನ ಮುಖ್ಯ ಶತ್ರು ತೇವ. ಯುದ್ಧಕಾಲದ ಜೀಪಿನ ನೆಲದ ತಗಡಿನ ಕೆಳಗೆ ಬಲಕ್ಕಾಗಿ ಬೆಸೆದ ಟೊಪ್ಪಿಯಾಕಾರದ ಪಟ್ಟಿಗಳಿವೆ. ಅವುಗಳೊಳಗೆ ಮರದ ತುಂಡುಗಳನ್ನು ತುಂಬಲಾಗಿತ್ತು. ಮರ ನೀರು ಹೀರಿ ತಿಂಗಳುಗಟ್ಟಲೆ ಹಸಿಯಾಗಿಯೇ ಇದ್ದು ತಗಡನ್ನು ಒಳಗಿನಿಂದ ತಿನ್ನುತ್ತದೆ. ಮೇಲಿನಿಂದ ನೋಡಿದರೆ ನೆಲ ಸರಿಯಾಗಿಯೇ ಕಾಣುತ್ತದೆ. ಕೊಳ್ಳುವವರು ವಾಹನದ ಕೆಳಗೆ ನುಸುಳಿ ಈ ಪಟ್ಟಿಗಳನ್ನು ಸ್ಕ್ರೂಡ್ರೈವರಿನಿಂದ ತಟ್ಟಿ ನೋಡುವುದು ಉತ್ತಮ. ಬಾಡಿಯ ತಳದಲ್ಲಿ ನೀರು ಹರಿದುಹೋಗಲು ಬಿಟ್ಟ ರಂಧ್ರಗಳನ್ನು ಮಣ್ಣು, ತರಗೆಲೆ ಮುಚ್ಚದಂತೆ ನೋಡಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ಚಾಸಿಯ ಒಳಮೈಯಲ್ಲಿ ಸಿಕ್ಕಿಕೊಂಡ ಕೆಸರನ್ನು ಅಂದೇ ತೊಳೆಯುವುದು ಯಾವ ಬಣ್ಣಕ್ಕಿಂತಲೂ ಹೆಚ್ಚಿನ ರಕ್ಷಣೆ. ತಳಕ್ಕೆ ಹಳೆಯ ಎಂಜಿನ್ ಆಯಿಲ್ ಬಳಿಯುವ ಪದ್ಧತಿಯೂ ಇದೆ; ಅದು ತಗಡಿಗೆ ಒಳ್ಳೆಯದಾದರೂ ಬ್ರೇಕ್ ಹೋಸುಗಳಿಗೆ, ಎಂಜಿನ್ ಮೌಂಟಿಂಗಿನಂಥ ರಬ್ಬರ್ ಭಾಗಗಳಿಗೆ ತಗಲಬಾರದು. ಶೆಡ್ಡು ಮುಚ್ಚಿದ್ದರಷ್ಟೇ ಸಾಲದು, ಗಾಳಿಯಾಡುವಂತಿರಬೇಕು. ಒದ್ದೆ ಜೀಪಿನ ಮೇಲೆ ಟಾರ್ಪಾಲು ಹೊದಿಸಿ ಮಳೆಗಾಲವಿಡೀ ನಿಲ್ಲಿಸಿದರೆ ಬಯಲಲ್ಲಿ ನಿಲ್ಲಿಸಿದ್ದಕ್ಕಿಂತ ಬೇಗ ಕೆಡುತ್ತದೆ.

ಯಂತ್ರಭಾಗದಲ್ಲಿ ಇಳಿಜಾರಿನ ಊರಿಗೆ ವಿಶೇಷವಾಗಿ ಸಂಬಂಧಿಸಿದ್ದು ಹ್ಯಾಂಡ್‌ಬ್ರೇಕ್. ವಿಲ್ಲಿಸ್ ಜೀಪುಗಳಲ್ಲಿ ಅದು ಚಕ್ರಗಳ ಮೇಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಲ್ಲಿ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಸೇರುವಲ್ಲಿರುವ ಡ್ರಮ್ಮಿನ ಮೇಲೆ ಕೆಲಸ ಮಾಡುತ್ತದೆ. ಅಲ್ಲಿನ ಆಯಿಲ್ ಸೀಲ್ ಸವೆದಾಗ ಗೇರ್ ಆಯಿಲ್ ಸೋರಿ ಲೈನರನ್ನು ನೆನೆಸುತ್ತದೆ, ಬ್ರೇಕ್ ಹಿಡಿಯುವುದೇ ಇಲ್ಲ. ಕೇಬಲ್ ಬಿಗಿಗೊಳಿಸಿ ಪ್ರಯೋಜನವಿಲ್ಲ. ಸೀಲ್ ಬದಲಿಸಿ ಲೈನರ್ ಹೊಸದು ಹಾಕಬೇಕು. ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುವ ಅಭ್ಯಾಸ ಇಂಥ ಜೀಪುಗಳಿಂದ ಬಂದದ್ದೇ ಹೊರತು ಪರಿಹಾರವಲ್ಲ. ಗೇರ್‌ಬಾಕ್ಸಿನ ಆಯಿಲ್ ಟ್ರಾನ್ಸ್‌ಫರ್ ಕೇಸಿಗೆ ಇಳಿದುಹೋಗುವುದೂ ಇವುಗಳ ಹಳೆಯ ಕಾಯಿಲೆ. ಆದ್ದರಿಂದ ಎರಡರ ಮಟ್ಟವನ್ನೂ ಒಟ್ಟಿಗೆ ನೋಡಬೇಕು.

ಸ್ಟೀರಿಂಗ್ ಅಲೆದಾಡುವ ದೂರು ಸಾಮಾನ್ಯ. ಹಲವರು ಸ್ಟೀರಿಂಗ್ ಬಾಕ್ಸನ್ನೇ ಬಿಗಿ ಮಾಡಿಸುತ್ತಾರೆ. ಇದರಿಂದ ಅದು ಗಡುಸಾಗುತ್ತದೆಯೇ ವಿನಾ ಆಟ ಹೋಗುವುದಿಲ್ಲ. ಮುಂದಿನ ಅಡ್ಡಪಟ್ಟಿಯ ಮೇಲೆ ಕೂರುವ ಬೆಲ್ ಕ್ರ್ಯಾಂಕಿನ ಪಿನ್ನು ಮತ್ತು ಬೇರಿಂಗು, ಅನಂತರ ಟೈರಾಡ್ ಎಂಡುಗಳು, ಆಮೇಲೆ ಕಿಂಗ್‌ಪಿನ್ ಬೇರಿಂಗುಗಳು, ಈ ಕ್ರಮದಲ್ಲಿ ಪರಿಶೀಲಿಸಿದರೆ ದೋಷ ಸಾಮಾನ್ಯವಾಗಿ ಸಿಕ್ಕಿಬಿಡುತ್ತದೆ. ಒಣಗಿದ ಟಾರು ರಸ್ತೆಯಲ್ಲಿ ಫೋರ್‌ವೀಲ್ ಹಾಕಿ ಓಡಿಸಬಾರದು. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ವೇಗದ ವ್ಯತ್ಯಾಸವನ್ನು ಸರಿದೂಗಿಸುವ ಡಿಫರೆನ್ಷಿಯಲ್ ಇಲ್ಲದ ಕಾರಣ ಟೈರೂ ಗೇರುಗಳೂ ಬೇಗ ಸವೆಯುತ್ತವೆ. ಹೊಳೆ ದಾಟಿದ ಮೇಲೆ ಆಕ್ಸಲ್ ಹೌಸಿಂಗಿನ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದು ಅರ್ಥ. ಮರುದಿನಕ್ಕೆ ಮುಂದೂಡದೆ ಬದಲಿಸಬೇಕು.

ಮೂಲ ಪೆಟ್ರೋಲ್ ಎಂಜಿನ್ ಉಳಿಸಿಕೊಂಡವರಿಗೆ ಈಚೆಗೆ ಎದುರಾಗಿರುವ ಸಮಸ್ಯೆ ಇಂಧನದ್ದು. ಭಾರತದಲ್ಲಿ 2023ರಿಂದ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಹಂತಹಂತವಾಗಿ ಬಂಕುಗಳಿಗೆ ಬಂದಿದೆ. ಸಂಪೀಡನ ಪ್ರಮಾಣ ಕಡಿಮೆಯಿರುವುದರಿಂದ ಎಂಜಿನ್ ದಹನದ ದೃಷ್ಟಿಯಿಂದ ತೊಂದರೆಗೊಳಗಾಗದು. ಎಥೆನಾಲ್ ಹಾನಿ ಮಾಡುವುದು ಪೆಟ್ರೋಲ್ ಪಂಪಿನ ಡಯಾಫ್ರಮ್, ರಬ್ಬರ್ ಹೋಸು, ಕಾರ್ಬುರೇಟರಿನ ಗ್ಯಾಸ್ಕೆಟ್‌ಗಳಿಗೆ. ಜೊತೆಗೆ ಅದು ಗಾಳಿಯ ತೇವವನ್ನು ಹೀರುವುದರಿಂದ ತಿಂಗಳುಗಟ್ಟಲೆ ನಿಂತ ವಾಹನದ ಟ್ಯಾಂಕಿನ ತಳದಲ್ಲಿ ನೀರು ಸೇರಿ ತುಕ್ಕಾಗುತ್ತದೆ. ಎಥೆನಾಲ್ ತಾಳಿಕೊಳ್ಳುವ ಡಯಾಫ್ರಮ್ ಮತ್ತು ಹೋಸುಗಳನ್ನು ಹಾಕಿಸುವುದು, ಮಳೆಗಾಲದಲ್ಲಿ ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದು ಮಾಡುವುದು, ಈ ಎರಡು ಕ್ರಮಗಳಿಂದ ಬಹುಪಾಲು ತೊಂದರೆ ತಪ್ಪುತ್ತದೆ. ಪ್ಲಗ್ಗಿನ ಅಂತರ 0.030 ಅಂಗುಲ, ಪಾಯಿಂಟಿನ ಅಂತರ 0.020 ಅಂಗುಲ, ಉರಿಯುವ ಕ್ರಮ 1-3-4-2. ಯುದ್ಧಕಾಲದ ಜೀಪುಗಳ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. ಬಹುಪಾಲು ಮಾಲೀಕರು ಬ್ಯಾಟರಿ ಸುಲಭವಾಗಿ ಸಿಗಲೆಂದು 12 ವೋಲ್ಟಿಗೆ ಬದಲಿಸಿಕೊಂಡಿದ್ದಾರೆ.

ಬಿಡಿಭಾಗಗಳಿಗಾಗಿ ಸ್ಥಳೀಯ ಅಂಗಡಿಗಳಲ್ಲದೆ ಬೆಂಗಳೂರಿನ ಜೆ. ಸಿ. ರಸ್ತೆ, ಕಲಾಸಿಪಾಳ್ಯ, ಶಿವಾಜಿನಗರಗಳಿಗೆ ಹೋಗುವುದು ವಾಡಿಕೆ. ಹೊಸ ಬಾಡಿಗಳು ಪಂಜಾಬ್–ಹರಿಯಾಣ ಗಡಿಯ ಮಂಡಿ ಡಬ್ವಾಲಿಯಿಂದಲೂ ಬರುತ್ತವೆ. ಸಂಪೂರ್ಣ ಹೊಸ ಬಾಡಿ ತರಿಸುವುದು ಟಿಂಕರಿಂಗ್ ಕೂಲಿಗಿಂತ ಅಗ್ಗವಾಗಿ ಕಾಣಬಹುದು. ಆದರೆ ಹಳೆಯ ತಗಡನ್ನು ಗುಜರಿಗೆ ಹಾಕಿದ ಕೂಡಲೇ ವಾಹನದ ಚರಿತ್ರೆಯ ಮುಖ್ಯ ಸಾಕ್ಷ್ಯವೊಂದು ಹೋದಂತೆ. ಹಳೆಯ ಬಣ್ಣಗಳ ಪದರ, ಸೇನೆಯ ಅಂಕಿಗಳ ಗುರುತು, ಗುದ್ದಲಿ ಮತ್ತು ಕೊಡಲಿ ಸಿಕ್ಕಿಸಲು ಚಾಲಕನ ಬದಿಯಲ್ಲಿ ಮಾಡಿದ ತಗ್ಗುಗಳು ಆ ತಗಡಿನಲ್ಲಿಯೇ ಇರುತ್ತವೆ.

ದಾಖಲೆಗಳು ಮತ್ತು ಕಾನೂನು

ಕೊಡಗಿನ ವಾಹನಗಳು ಇಂದು ಕೆಎ-12 ಸಂಕೇತದಡಿ ನೋಂದಣಿಯಾಗುತ್ತವೆ. 1956ರ ನವೆಂಬರ್ 1ರವರೆಗೆ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. ಆದ್ದರಿಂದ ಹಳೆಯ ಜೀಪುಗಳ ದಾಖಲೆಗಳು ಒಂದಕ್ಕಿಂತ ಹೆಚ್ಚು ಆಡಳಿತಗಳನ್ನು ದಾಟಿ ಬಂದಿರುತ್ತವೆ. ಸಾಮಾನ್ಯ ತೊಡಕು ಎರಡು. ಮೊದಲನೆಯದು, ವಾಹನ ಇನ್ನೂ ತೀರಿಹೋದ ಹಿರಿಯರ ಹೆಸರಿನಲ್ಲಿರುವುದು. ಮಾಲೀಕರು ಮರಣ ಹೊಂದಿದರೆ 30 ದಿನಗಳೊಳಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕೆಂಬುದು ನಿಯಮ. ಒಕ್ಕದ ಆಸ್ತಿಯಂತೆ ಜೀಪನ್ನೂ ಎಲ್ಲರದೆಂದು ಬಗೆದು ಹೆಸರು ಬದಲಿಸದೆ ಬಿಟ್ಟರೆ ಮುಂದೆ ಎಲ್ಲ ವಾರಸುದಾರರ ಒಪ್ಪಿಗೆಯನ್ನು ಒಟ್ಟುಗೂಡಿಸುವುದು ಜೀಪಿನ ದುರಸ್ತಿಗಿಂತ ದೀರ್ಘವಾದ ಕೆಲಸವಾಗುತ್ತದೆ. ಎರಡನೆಯದು, ಎಂಜಿನ್ ಸಂಖ್ಯೆ ಆರ್‌ಸಿಯಲ್ಲಿರುವುದಕ್ಕೆ ಹೊಂದದಿರುವುದು. ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನಡಿ ಇಂಥ ಬದಲಾವಣೆಗಳಿಗೆ ನೋಂದಣಿ ಪ್ರಾಧಿಕಾರದ ಅನುಮತಿ ಮತ್ತು ನಮೂದು ಅಗತ್ಯ. ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಕೇರಳದಿಂದ ಬಂದ ಪ್ರಕರಣವೊಂದರಲ್ಲಿ, ತೀರ್ಪು ನೀಡಿತು.

ಖಾಸಗಿ ವಾಹನದ ನೋಂದಣಿ 15 ವರ್ಷಗಳಿಗೆ ಸಿಂಧು. ಅನಂತರ ಐದೈದು ವರ್ಷಕ್ಕೆ ನವೀಕರಿಸಬೇಕು. ದೆಹಲಿ ಪ್ರದೇಶದಲ್ಲಿರುವಂತೆ ವಯಸ್ಸಿನ ಆಧಾರದ ನಿಷೇಧ ಕರ್ನಾಟಕದಲ್ಲಿಲ್ಲ. ಆದರೆ 2022ರ ಏಪ್ರಿಲ್ 1ರಿಂದ ಲಘು ವಾಹನದ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ವಾಹನಗಳಿಗೆ ಅದನ್ನು 10,000 ರೂಪಾಯಿ ಮಾಡಲಾಯಿತು. ಆಮದಾದ ನಾಲ್ಕು ಚಕ್ರದ ವಾಹನಗಳಿಗೆ ಈ ಶುಲ್ಕ ಹಲವು ಪಟ್ಟು ಹೆಚ್ಚು.

ಕೇಂದ್ರ ಸಾರಿಗೆ ಸಚಿವಾಲಯವು 2021ರ ಜುಲೈಯಲ್ಲಿ ‘ವಿಂಟೇಜ್’ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮಗಳನ್ನು ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿದಿರುವ, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡಾಗದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಇದರ ವ್ಯಾಪ್ತಿಗೆ ಬರುತ್ತವೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಮರುನೋಂದಣಿಗೆ 5,000 ರೂಪಾಯಿ. ಸಂಖ್ಯಾಫಲಕದಲ್ಲಿ ರಾಜ್ಯದ ಸಂಕೇತದ ಮುಂದೆ ‘ವಿಎ’ ಅಕ್ಷರಗಳು ಬರುತ್ತವೆ. ಈಗಾಗಲೇ ನೋಂದಣಿಯಾಗಿರುವ ವಾಹನ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಇಂಥ ವಾಹನವನ್ನು ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು ಮತ್ತು ದುರಸ್ತಿಯಂಥ ಉದ್ದೇಶಗಳಿಗಷ್ಟೇ ರಸ್ತೆಗಿಳಿಸಬಹುದು. ದಿನನಿತ್ಯದ ಅಥವಾ ವಾಣಿಜ್ಯ ಬಳಕೆಗೆ ಅವಕಾಶವಿಲ್ಲ.

ಕೊಡಗಿನ ಜೀಪುಗಳ ಮಟ್ಟಿಗೆ ಈ ನಿಯಮ ಎರಡು ಬಗೆಯಲ್ಲಿ ಹೊಂದದು. ಡೀಸೆಲ್ ಎಂಜಿನ್ ಕೂರಿಸಿದ, ಬಾಡಿ ಬದಲಾದ ಜೀಪು ಎಷ್ಟೇ ಹಳೆಯದಾದರೂ ವಿಂಟೇಜ್ ಎನಿಸಿಕೊಳ್ಳುವುದಿಲ್ಲ. ಮೂಲರೂಪದಲ್ಲಿ ಉಳಿದಿರುವ ಜೀಪು ಆ ಗೌರವ ಪಡೆದರೆ ವಿರಾಜಪೇಟೆಯ ಸಂತೆಗೆ ಕರಿಮೆಣಸಿನ ಚೀಲ ತರುವಂತಿಲ್ಲ. ಆದ್ದರಿಂದ ಬಳಕೆಯಲ್ಲಿರುವ ಜೀಪಿನ ಮಾಲೀಕರಿಗೆ ಸಾಮಾನ್ಯ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸುತ್ತ ಹೋಗುವುದೇ ಪ್ರಾಯೋಗಿಕ ಮಾರ್ಗ. ಒಮ್ಮೆ ಅವಧಿ ಮೀರಿ ವರ್ಷಗಟ್ಟಲೆ ಬಿಟ್ಟರೆ ಮತ್ತೆ ಸಿಂಧುಗೊಳಿಸುವುದು ಕಷ್ಟ. ತೋಟದ ಗೇಟಿನಾಚೆ ಹೋಗದ ‘ದಾಖಲೆಯಿಲ್ಲದ’ ಜೀಪುಗಳು ಹುಟ್ಟಿಕೊಳ್ಳುವುದು ಹೀಗೆ. ಅವು ಕೊನೆಗೆ ಬಿಡಿಭಾಗಗಳಾಗಿಯೇ ಮಾರಾಟವಾಗುತ್ತವೆ.

ಸಂರಕ್ಷಣೆಯ ಮಾದರಿಗಳು

ಕರ್ನಾಟಕದಲ್ಲಿ ಹಳೆಯ ವಾಹನಗಳ ಸಾರ್ವಜನಿಕ ಸಂಗ್ರಹಗಳಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಧರ್ಮಸ್ಥಳದ ಕಾರು ಸಂಗ್ರಹಾಲಯ ಮತ್ತು ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯ ಪ್ರಮುಖವಾದವು. ಇಂಥಲ್ಲಿ ವಾಹನವನ್ನು ಮೂಲಸ್ಥಿತಿಗೆ ತಂದು ಒಣ ಜಾಗದಲ್ಲಿ ನಿಲ್ಲಿಸುವುದು ಗುರಿ. ದುಡಿಯುವ ಜೀಪಿಗೆ ಈ ಕ್ರಮ ಪೂರ್ತಿಯಾಗಿ ಅನ್ವಯಿಸದು. ಹಳೆಯ ವಾಹನ ಸಂರಕ್ಷಕರು ಸಾಮಾನ್ಯವಾಗಿ ಒಪ್ಪುವ ಒಂದು ತತ್ತ್ವ ಇಲ್ಲಿ ಉಪಯುಕ್ತ: ಮಾಡುವ ಬದಲಾವಣೆಯನ್ನು ಮುಂದೆ ಹಿಂದಿರುಗಿಸಲು ಸಾಧ್ಯವಿರಬೇಕು. ಚಾಸಿಗೆ ಬೆಸುಗೆ ಹಾಕುವ ಬದಲು ಬೋಲ್ಟ್ ಹಾಕಿದ ಬ್ರಾಕೆಟ್ಟಿನ ಮೇಲೆ ಡೀಸೆಲ್ ಎಂಜಿನ್ ಕೂರಿಸಿದ್ದರೆ, ಇಳಿಸಿದ ಪೆಟ್ರೋಲ್ ಎಂಜಿನ್ ಶೆಡ್ಡಿನ ಮೂಲೆಯಲ್ಲಿ ಸಿಲಿಂಡರುಗಳಿಗೆ ಎಣ್ಣೆ ಬಿಟ್ಟ ಸ್ಥಿತಿಯಲ್ಲಿ ಉಳಿದಿದ್ದರೆ, ಮುಂದಿನ ತಲೆಮಾರು ಬೇಕೆಂದಾಗ ಅದನ್ನು ಮರಳಿ ಜೋಡಿಸಬಹುದು. ಯುದ್ಧಕಾಲದ ವಿಲ್ಲಿಸ್ ತಯಾರಿಕೆಯ ಜೀಪಿನಲ್ಲಿ ಚಾಸಿ ಸಂಖ್ಯೆಯ ಫಲಕ ಮುಂದಿನ ಬಂಪರಿನ ಹಿಂದೆ ಎಡ ಚೌಕಟ್ಟಿನ ಒಳಮೈಗೆ ರಿವೆಟ್ ಆಗಿರುತ್ತದೆ. ಎಂಜಿನ್ ಸಂಖ್ಯೆ ಬ್ಲಾಕಿನ ಬಲಮುಂಭಾಗದಲ್ಲಿ, ನೀರಿನ ಪಂಪಿನ ಹತ್ತಿರ ಒತ್ತಲಾಗಿರುತ್ತದೆ. ಬಣ್ಣ ಬಳಿಯುವ ಮುನ್ನ, ಬೆಸುಗೆಗೆ ಕೊಡುವ ಮುನ್ನ ಈ ಎರಡನ್ನೂ ಫೋಟೊ ತೆಗೆದು ಆರ್‌ಸಿಯ ಪ್ರತಿಯೊಡನೆ ಇಟ್ಟುಕೊಳ್ಳುವುದು ಮಾಲೀಕರು ಖರ್ಚಿಲ್ಲದೆ ಮಾಡಬಹುದಾದ ಸಂರಕ್ಷಣೆಯ ಮೊದಲ ಕೆಲಸ.